ಒಣಗಿದ ಆಲೆ ಮರ ಅಂತ ನೀರು ಮಾರಿದರು, ಹುಷಾರು

ಬರೆಯೋಕೇ ನಾಚಿಕೆ ಆಗ್ತಿದೆ. ನಾಲ್ಕು ವರ್ಷದಿಂದ ಕಾರ್ ಶೆಡ್‌ನಲ್ಲಿ ಪುಟ್ಟ ಲೇತ್ (ಮರ ತಿರುಗಿಸಿ ಕಡೆಯೋ ಯಂತ್ರ) ಇಟ್ಟುಕೊಂಡು ಕ್ರಿಸ್‌ಮಸ್ ಮರಕ್ಕೆ ತೂಗುಹಾಕೋ ಗಂಟೆ, ಚೆಂಡು, ಸ್ನೋಮ್ಯಾನ್ ಕಡೆಯುತ್ತಿದ್ದೇನೆ. ಆದರೂ ಹಸಿ ಮರ, ಒಣ ಮರ ಗೊತ್ತಾಗಲಿಲ್ಲ. ಅಲ್ಲ, ಗೊತ್ತಾಯ್ತು, ನಂಬಲಿಲ್ಲ. ಅದೇ ಹೊಟ್ಟೆ ಉರಿ.

ಅಕ್ಟೋಬರ್‌ನಲ್ಲಿ ಆಲೆ ಮರ, ಅದೇ ಚನ್ನಪಟ್ಟಣದ ಬೊಂಬೆ ಮಾಡೋ ಮರ, ಮಾರೋ ಒಬ್ಬ ವ್ಯಾಪಾರಿ ಫೋನಲ್ಲಿ ಸಿಕ್ಕಿದ. "ಚನ್ನಪಟ್ಟಣಕ್ಕೆ ಹೋಗೋ ಮಾಲೇ ಮೇಡಂ, ಎಂಟು ತಿಂಗಳು ಒಣಗಿರೋದು" ಅಂದ. ಚನ್ನಪಟ್ಟಣ ಅಂದಿದ್ದೇ ತಡ, ನಾನು ಬಿದ್ದೆ. ಅಲ್ಲಿಯ ಕುಶಲಕರ್ಮಿಗಳು ಮರವನ್ನು ತಿಂಗಳುಗಟ್ಟಲೆ ಒಣಗಿಸದೆ ಲೇತಿಗೆ ಏರಿಸೋದಿಲ್ಲ ಅಂತ ಗೊತ್ತಲ್ವಾ. ಕೆಜಿಗೆ 180 ರೂಪಾಯಿ, 25 ಕೆಜಿ, 4,500 ಮುಂಗಡವಾಗಿ ಕಳಿಸಿದೆ.

ಮೊದಲ ತುಂಡು ಲೇತಿಗೆ ಕಟ್ಟಿ ಉಳಿ ಇಟ್ಟೆ. ಕನ್ನಡಕದ ಮೇಲೆ ಸಣ್ಣಗೆ ಏನೋ ಸಿಡಿಯಿತು. ಒರೆಸಿಕೊಂಡೆ. ಮತ್ತೆ ಸಿಡಿಯಿತು. ನೀರು! ತಿರುಗೋ ಮರದಿಂದ ನೀರು ಹಾರುತ್ತಿದೆ, ಹೊಟ್ಟು ಉದುರೋ ಬದಲು ಉದ್ದುದ್ದ ರಿಬ್ಬನ್ನು ಬರ್ತಿದೆ, ನಾನು ಕನ್ನಡಕ ಒರೆಸಿಕೊಂಡು ಕಡೆಯುತ್ತಲೇ ಇದ್ದೇನೆ! ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಗಟ್ಟಿಯಾಗಿ ಹಿಡಿಯಬೇಕು. ಮಾರನೇ ದಿನ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಅರಗೇ ಹಳೇದೇನೋ ಅಂದುಕೊಂಡು ಮತ್ತೆ ಹಚ್ಚಿದೆ. ತಾಳೆಗರಿಯಲ್ಲಿ ಉಜ್ಜಿ ಹೊಳಪು ಬೇರೆ ಕೊಟ್ಟೆ.

ಚರ್ಚ್ ಮಾರಾಟಕ್ಕೆ ಅಂತ 60 ಮರದ ಗಂಟೆ ಕೊಟ್ಟಿದ್ದೆ. ವಾರಕ್ಕೆಲ್ಲ ಅಲ್ಲಿಯ ಆಂಟಿ ಫೋನ್ ಮಾಡಿದರು. "ಏನಮ್ಮಾ, ನಿನ್ನ ಗಂಟೆಗಳೆಲ್ಲ ಬಾಯಿ ಬಿಟ್ಕೊಂಡಿವೆ!" ಹೋಗಿ ನೋಡಿದರೆ ಹಿತ್ತಾಳೆ ಕೊಕ್ಕೆ ತಿರುಗಿಸಿದ ಜಾಗದಿಂದ ಕೆಳಗಿನವರೆಗೂ ಸೀಳು. 41 ಹೋಗಿದ್ದವು. ದುಡ್ಡು ವಾಪಸ್ ಕೊಟ್ಟೆ. ಅವರೇನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಅದು ಇನ್ನೂ ಕಷ್ಟವಾಯ್ತು.

ವ್ಯಾಪಾರಿಗೆ ಫೋಟೋ ಕಳಿಸಿದೆ. "ಮರ ಅಂದ್ಮೇಲೆ ಬಿರುಕು ಬಿಡತ್ತೆ ಮೇಡಂ." ಆಮೇಲೆ, "ನಿಮ್ಮ ಉಳಿ ಮೊಂಡಾಗಿರ್ಬೇಕು." ಆಮೇಲೆ, "ಮನೆಯವರಿಗೆ ಫೋನ್ ಕೊಡಿ, ಅವರಿಗೆ ಹೇಳ್ತೀನಿ." ಲೇತ್ ನನ್ನದು, ದುಡ್ಡು ನನ್ನದು, ಮನೆಯವರಿಗೆ ಯಾಕೆ?

ಉಳಿದಿದ್ದರಲ್ಲಿ ಒಂದು ತುಂಡನ್ನು ಅಡುಗೆಮನೆ ತಕ್ಕಡಿಗೆ ಹಾಕಿದೆ. 412 ಗ್ರಾಂ. ಸಣ್ಣ ಬಿಲ್ಲೆಗಳಾಗಿ ಕೊಯ್ದು, ಉದುರಿದ ಹೊಟ್ಟನ್ನೂ ಸೇರಿಸಿ ನೆರಳಲ್ಲಿಟ್ಟೆ. ಹದಿನೈದು ದಿನಕ್ಕೆ 331. ಐದರಲ್ಲಿ ಒಂದು ಪಾಲು ನೀರು! ಅಂದರೆ 900 ರೂಪಾಯಿ ಕೊಟ್ಟು ನೀರು ಕೊಂಡಿದ್ದೇನೆ. ಅದನ್ನೂ ಕಳಿಸಿದೆ. "ನಿಮ್ಮ ಕಾಟಾ ಸರಿ ಇಲ್ಲ ಮೇಡಂ" ಅಂತ ಒಂದೇ ಸಾಲು. ನಂತರ ಬ್ಲಾಕ್.

ಕೆಜಿ ಲೆಕ್ಕದಲ್ಲಿ ಮರ ಕೊಳ್ಳಬೇಡಿ. ಕೊಂಡರೂ ಮೊದಲು ಒಂದೇ ತುಂಡು ತರಿಸಿ, ದಿನಾಂಕ ಬರೆದು ತೂಕ ಹಾಕಿ, ಎರಡು ವಾರ ಬಿಟ್ಟು ಮತ್ತೆ ಹಾಕಿ. ಕನ್ನಡಕದ ಮೇಲೆ ಹನಿ ಬಿದ್ದರೆ ಲೇತ್ ನಿಲ್ಲಿಸಿ, ನನ್ನ ಹಾಗೆ ಒರೆಸಿಕೊಳ್ಳಬೇಡಿ.

ನಿನ್ನೆ ತಂಗಿ ಫೋನಲ್ಲಿ ಅವನ ಸ್ಟೇಟಸ್ ನೋಡಿದೆ. "ಚೆನ್ನಾಗಿ ಒಣಗಿದ ಆಲೆ ಮರ, ಹೊಸ ಸ್ಟಾಕ್." ಫೋಟೋ ದೊಡ್ಡದು ಮಾಡಿದರೆ, ಕೊಯ್ದ ತುದಿಯಲ್ಲಿ ತೊಗಟೆ ಸುತ್ತ ಇನ್ನೂ ಬೆಳ್ಳಗೆ ಹಾಲು ಸುರೀತಿದೆ.