ಟೇಪ್ ಕ್ಯಾಮ್‌ಕಾರ್ಡರ್‌ಗೆ ಫೈರ್‌ವೈರ್ ಕಾರ್ಡ್, ಜೊತೆಗೆ ವಿನ್‌ಡಿವಿ: ವರ್ಷಗಟ್ಟಲೆ ಬಳಸಿ ನೋಡಿದ ಮೇಲೆ

ಹಳೇ ಕ್ಯಾಮ್‌ಕಾರ್ಡರಿನ ಮಿನಿ ಡಿವಿ (ಡಿಜಿಟಲ್ ವಿಡಿಯೋ) ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಲು ನಾನು ಹಲವು ವರ್ಷಗಳಿಂದ ಒಂದೇ ಜೋಡಿಯನ್ನು ನಂಬಿಕೊಂಡಿದ್ದೇನೆ. ಡೆಸ್ಕ್‌ಟಾಪ್ ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್, ಅಂದರೆ ಕ್ಯಾಮೆರಾದ ಕೇಬಲ್ ಸಿಕ್ಕಿಸುವ ಕಿಂಡಿ. ಅದರ ಜೊತೆಗೆ ವಿನ್‌ಡಿವಿ ಅನ್ನುವ ಪುಟ್ಟ ಉಚಿತ ಸಾಫ್ಟ್‌ವೇರ್. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ. ಆದರೆ ಕಾರ್ಡ್ ಸಿಕ್ಕಿಸಿದ ದಿನವೇ ಈ ಅಂಕ ಕೇಳಿದ್ದರೆ ಎರಡು ಕೊಡುತ್ತಿದ್ದೆನೋ ಏನೋ. ಕಾರಣ ಒಂದೇ, ಫ್ರೇಮ್ ಡ್ರಾಪ್, ಅಂದರೆ ಇಳಿಸುವಾಗ ಮಧ್ಯೆ ಮಧ್ಯೆ ಕೆಲವು ಚಿತ್ರಗಳು (ಫ್ರೇಮುಗಳು) ತಪ್ಪಿಹೋಗುವುದು. ಹಾಗಾಗಿ ಈ ವಿಮರ್ಶೆಯಲ್ಲಿ ಕಾರ್ಡಿನ ಬಣ್ಣ, ಪೆಟ್ಟಿಗೆ, ಸ್ಕ್ರೂ ಇವೆಲ್ಲ ಇಲ್ಲ. ಡ್ರಾಪ್ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಹಿಡಿಯುವುದು ಅನ್ನುವುದೇ ಜಾಸ್ತಿ.

ಮೊದಲು ಸ್ವಲ್ಪ ಲೆಕ್ಕ. ಪಾಲ್ (ಭಾರತದಲ್ಲಿ ಬಳಸುವ ಟಿವಿ ಮಾದರಿ) ಡಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದೊಂದು ಫ್ರೇಮೂ ಸರಿಯಾಗಿ 1,44,000 ಬೈಟ್. ಎದುರಿಗೆ ಬಿಳಿ ಗೋಡೆ ಇರಲಿ, ಗಿಜಿಗುಡುವ ಜನ ಇರಲಿ, ಅಷ್ಟೇ. ಅಂದರೆ ಸೆಕೆಂಡಿಗೆ 3.6 ಎಂಬಿ, ಗಂಟೆಗೆ ಸುಮಾರು 13 ಜಿಬಿ. ಫೈರ್‌ವೈರ್ ಓಡುವುದು ಸೆಕೆಂಡಿಗೆ 400 ಮೆಗಾಬಿಟ್ ವೇಗದಲ್ಲಿ. ಈಗಿನ ಹಾರ್ಡ್ ಡಿಸ್ಕಿಗೆ 3.6 ಎಂಬಿ ಒಂದು ಲೆಕ್ಕವೇ ಅಲ್ಲ. ಆದರೂ ಫ್ರೇಮ್ ಬೀಳುತ್ತದೆ. ಯಾಕೆ?

ಕ್ಯಾಮೆರಾ ಯಾರಿಗೂ ಕಾಯುವುದಿಲ್ಲ, ಅದಕ್ಕೆ. ಪೆನ್ ಡ್ರೈವಿನಿಂದ ಫೈಲ್ ಕಾಪಿ ಮಾಡುವಾಗ ಒಂದು ತುಣುಕು ಹಾಳಾದರೆ ಕಂಪ್ಯೂಟರ್ ಅದನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಡಿವಿ ಹಾಗಲ್ಲ. ಟೇಪ್ ಓಡುತ್ತಿರುತ್ತದೆ, ಫ್ರೇಮ್ ಬರುತ್ತಿರುತ್ತದೆ, ಮತ್ತೊಮ್ಮೆ ಕಳಿಸು ಅನ್ನುವ ಮಾತೇ ಇಲ್ಲ. ನಲ್ಲಿ ನೀರು ಹಿಡಿದ ಹಾಗೆ: ಕೊಡ ಬದಲಿಸುವಷ್ಟರಲ್ಲಿ ಚೆಲ್ಲಿದ್ದು ಚೆಲ್ಲಿಹೋಯಿತು. ಆದ್ದರಿಂದ ನಿಮ್ಮ ಕಂಪ್ಯೂಟರ್ ನಿಧಾನವೇ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದು ಯಾವಾಗ, ಯಾವುದಕ್ಕೋಸ್ಕರ ಒಂದು ಕ್ಷಣ ನಿಲ್ಲುತ್ತದೆ ಅಂತ ಹುಡುಕಿ. ಹೊಸ ಪ್ರೊಸೆಸರ್ ಹಾಕಿಸಿಕೊಂಡೂ ಡ್ರಾಪ್ ನಿಲ್ಲದವರು ಇದ್ದಾರೆ. ಹಳೇ ಮಶೀನಿನಲ್ಲಿ ಒಂದೂ ಬೀಳದೆ ಇಳಿಸಿಕೊಂಡವರೂ ಇದ್ದಾರೆ.

ಅದಕ್ಕೂ ಮುಂಚೆ ಇನ್ನೊಂದು ವಿಷಯ ಇತ್ಯರ್ಥ ಆಗಬೇಕು. ತಪ್ಪು ಟೇಪಿನದೋ, ಕಂಪ್ಯೂಟರಿನದೋ? ಟೇಪನ್ನು ಹಿಂದಕ್ಕೆ ಸುತ್ತಿ ಅದೇ ಭಾಗವನ್ನು ಇನ್ನೊಮ್ಮೆ ಇಳಿಸಿ. ಎರಡು ಸಲವೂ ಅದೇ ಟೈಮ್‌ಕೋಡಿನಲ್ಲಿ (ಪ್ರತಿ ಫ್ರೇಮಿಗೂ ಟೇಪಿನಲ್ಲಿ ದಾಖಲಾಗಿರುವ ಸಮಯದ ಗುರುತು) ಕೆಟ್ಟರೆ ಟೇಪಿನ ಗ್ರಹಚಾರ. ಜಾಗ ಬದಲಾಯಿಸುತ್ತಿದ್ದರೆ ಕಂಪ್ಯೂಟರಿನದು. ಎಷ್ಟೋ ಜನ ಈ ಒಂದು ಪರೀಕ್ಷೆ ಮಾಡದೆ ಕೇಬಲ್, ಕಾರ್ಡ್, ಡಿಸ್ಕ್ ಎಲ್ಲವನ್ನೂ ಬದಲಿಸುತ್ತಾ ಕೂರುತ್ತಾರೆ.

ಚಿತ್ರ ನೋಡಿಯೂ ಹೇಳಬಹುದು. ಮಗು ಉಯ್ಯಾಲೆ ಆಡುತ್ತಿರುವ ದೃಶ್ಯ ಇದೆ ಅಂದುಕೊಳ್ಳಿ. ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ ನೋಡಿ. ಚಿತ್ರಗಳೆಲ್ಲ ಸ್ವಚ್ಛವಾಗಿವೆ, ಆದರೆ ಉಯ್ಯಾಲೆ ಒಂದು ಕಡೆ ಇದ್ದದ್ದು ಮುಂದಿನ ಫ್ರೇಮಿನಲ್ಲಿ ಒಂದು ಮೊಳ ಆಚೆಗೆ ಹಾರಿದೆ, ಧ್ವನಿಯಲ್ಲಿ ಟಿಕ್ ಅಂತ ಸಣ್ಣ ಸದ್ದು. ಇದು ಡ್ರಾಪ್. ಉಯ್ಯಾಲೆ ಸರಿಯಾಗಿಯೇ ಚಲಿಸುತ್ತಿದೆ, ಆದರೆ ಮಗುವಿನ ಮುಖದ ಮೇಲೆ ಚೌಕ ಚೌಕ ಮಚ್ಚೆ, ಆ ಚೌಕಗಳಲ್ಲಿ ಹಿಂದಿನ ಫ್ರೇಮಿನ ಚೂರುಗಳು. ಇದು ಟೇಪಿನಿಂದ ಓದಲಾಗದ ಭಾಗ. ಅಲ್ಲಿ ಏನೋ ಒಂದು ತುಂಬಬೇಕಲ್ಲ, ಕ್ಯಾಮೆರಾ ಹಳೇ ಚಿತ್ರದ ತುಣುಕನ್ನೇ ತೇಪೆ ಹಾಕಿದೆ.

ಇನ್ನು ತೆರೆಯ ತುಂಬ ಅಡ್ಡ ಪಟ್ಟೆಗಳು, ಒಂದು ಪಟ್ಟೆ ಸರಿ, ಒಂದು ಪಟ್ಟೆ ನಿಂತುಹೋದದ್ದು, ಹೀಗೆ ಕಂಡರೆ ಹೆಡ್ ಕೊಳೆಯಾಗಿದೆ ಅಂತಲೇ ಲೆಕ್ಕ. ಪಾಲ್‌ನಲ್ಲಿ ಒಂದು ಫ್ರೇಮ್ ಟೇಪಿನ ಮೇಲೆ 12 ಟ್ರ್ಯಾಕುಗಳಲ್ಲಿ ಹರಡಿರುತ್ತದೆ. ಎರಡು ಹೆಡ್‌ಗಳು ಒಂದಾದ ಮೇಲೆ ಒಂದು ಅದನ್ನು ಓದುತ್ತವೆ. ಒಂದು ಹೆಡ್ ಕಟ್ಟಿಕೊಂಡರೆ ಒಂದು ಬಿಟ್ಟು ಒಂದು ಪಟ್ಟೆ ಹೋಗುತ್ತದೆ. ಒಣ ಕ್ಲೀನಿಂಗ್ ಕ್ಯಾಸೆಟ್ ಹಾಕಿ ಹತ್ತು ಸೆಕೆಂಡಿನಷ್ಟು ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆ ಕ್ಯಾಸೆಟ್ ಹೆಡ್ ಮೇಲೆ ಉಜ್ಜುತ್ತದೆ. ಹಾಗಾಗಿ ಸುಮ್ನೆ ಇರಲಿ ಅಂತ ಪದೇ ಪದೇ ಹಾಕಬೇಡಿ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಟೇಪನ್ನು ಒಮ್ಮೆ ಕೊನೆವರೆಗೆ ಸುತ್ತಿ, ವಾಪಸ್ ಸುತ್ತಿ, ಆಮೇಲೆ ಪ್ಲೇ ಮಾಡುವುದು ಒಳ್ಳೆಯದು. ಎಲ್‌ಪಿ ಮೋಡಿನಲ್ಲಿ (ಒಂದೇ ಟೇಪಿನಲ್ಲಿ ಜಾಸ್ತಿ ಹೊತ್ತು ಹಿಡಿಸುವ ಮೋಡ್) ಶೂಟ್ ಮಾಡಿದ ಟೇಪಾದರೆ ಆಗ ಬಳಸಿದ ಅದೇ ಕ್ಯಾಮೆರಾದಲ್ಲಿ ಓಡಿಸಿ. ಟ್ರ್ಯಾಕುಗಳು ಅಷ್ಟು ಸಣ್ಣ, ಬೇರೆ ಕ್ಯಾಮೆರಾ ತಡಕಾಡುತ್ತದೆ.

ಇನ್ನು ಕಂಪ್ಯೂಟರಿನ ಕಡೆಗೆ ಬರೋಣ. ನನ್ನಲ್ಲಿ ಮೊದಲು ಇದ್ದದ್ದು ಬೇರೆ ಚಿಪ್ಪಿನ ಕಾರ್ಡ್. ಹೆಸರು ಬೇಡ. ಕ್ಯಾಮೆರಾ ಕಾಣಿಸುತ್ತಿತ್ತು, ಪ್ಲೇ ಆಗುತ್ತಿತ್ತು, ಆದರೆ ಯಾವಾಗ ಮುನಿಸಿಕೊಳ್ಳುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನ ಕಾರ್ಡಿಗೆ ಬದಲಾಯಿಸಿದ ಮೇಲೆ ಆ ತಂಟೆ ಇಲ್ಲ. ವಿಡಿಯೋ ಕೆಲಸ ಮಾಡುವವರು ಈ ಚಿಪ್ಪನ್ನೇ ಹುಡುಕಿಕೊಂಡು ಹೋಗುವುದು ಸುಮ್ನೆ ಅಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಹೆಸರು ನೋಡಬೇಡಿ, ಕಾರ್ಡಿನ ಮೇಲಿರುವ ಚಿಪ್ ನೋಡಿ.

ಕಾರ್ಡಿಗಿಂತ ಜಾಸ್ತಿ ಕಾಡಿದ್ದು ಡ್ರೈವರ್. ವಿಂಡೋಸ್ 7ರಿಂದ ಫೈರ್‌ವೈರ್‌ಗೆ ಹೊಸ ಡ್ರೈವರ್ ಬಂತು. ಹಳೇ ಕ್ಯಾಮ್‌ಕಾರ್ಡರುಗಳಿಗೂ ಅದಕ್ಕೂ ಎಲ್ಲ ಕಡೆ ಹೊಂದಿಕೆ ಆಗುವುದಿಲ್ಲ. 7ರಲ್ಲಾದರೆ ಡಿವೈಸ್ ಮ್ಯಾನೇಜರಿಗೆ ಹೋಗಿ, 1394 (ಫೈರ್‌ವೈರ್‌ಗೆ ಇನ್ನೊಂದು ಹೆಸರು) ಕಂಟ್ರೋಲರಿನ ಡ್ರೈವರ್ ಅಪ್‌ಡೇಟ್ ಒತ್ತಿ, ಪಟ್ಟಿಯಿಂದ ನಾವೇ ಆರಿಸುತ್ತೇವೆ ಅಂದರೆ ಲೆಗಸಿ ಅಂತ ಕೊನೆಯಲ್ಲಿ ಬರೆದಿರುವ ಇನ್ನೊಂದು ಡ್ರೈವರ್ ಸಿಗುತ್ತದೆ. ಅದನ್ನು ಹಾಕಿ. ವಿಂಡೋಸ್ 8ರಿಂದ ಅದು ಪಟ್ಟಿಯಲ್ಲಿ ಇಲ್ಲ, ಮೈಕ್ರೋಸಾಫ್ಟ್ ಬೇರೆಯಾಗಿ ಡೌನ್‌ಲೋಡ್ ಕೊಟ್ಟಿತ್ತು. ಅದನ್ನು ಇನ್‌ಸ್ಟಾಲ್ ಮಾಡಿದ ಮೇಲೂ ಪಟ್ಟಿಗೆ ಹೋಗಿ ಕೈಯಾರೆ ಆರಿಸಬೇಕು, ತಾನಾಗಿ ಬದಲಾಗುವುದಿಲ್ಲ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಒಮ್ಮೆ ನೋಡಿಕೊಳ್ಳಿ, ಹೊಸ ಡ್ರೈವರ್ ಮತ್ತೆ ಬಂದು ಕೂತಿರಬಹುದು. ನಾನು ಕಳೆದಿರುವ ಅಂಕದಲ್ಲಿ ಮುಕ್ಕಾಲು ಪಾಲು ಇದಕ್ಕೇ.

ಡಿಸ್ಕ್ ವಿಷಯ. ಕ್ಯಾಪ್ಚರ್ ಆಗುವುದು ವಿಂಡೋಸ್ ಇರುವ ಡಿಸ್ಕಿನ ಮೇಲೆ ಬೇಡ, ಬೇರೆ ಡಿಸ್ಕ್ ಕೊಡಿ. ವಿಂಡೋಸ್ ತನ್ನ ಕೆಲಸಕ್ಕೆ ಆಗಾಗ ಡಿಸ್ಕ್ ಮುಟ್ಟುತ್ತಲೇ ಇರುತ್ತದೆ. ಆಂಟಿವೈರಸ್ ಅಂತೂ ಬೆಳೆಯುತ್ತಿರುವ ಫೈಲಿಗೆ ಕೈ ಹಾಕದೆ ಬಿಡುವುದಿಲ್ಲ. ಆ ಫೋಲ್ಡರನ್ನು ಸ್ಕ್ಯಾನಿನಿಂದ ಹೊರಗಿಡಿ. ನನ್ನ ಮಶೀನಿನಲ್ಲಿ ಇದೊಂದೇ ಬದಲಾವಣೆಗೆ ಮಧ್ಯೆ ಮಧ್ಯೆ ಆಗುತ್ತಿದ್ದ ಡ್ರಾಪ್ ಹೆಚ್ಚುಕಡಿಮೆ ನಿಂತೇಹೋಯಿತು. ಹಾರ್ಡ್ ಡಿಸ್ಕ್ ಮಲಗುವ ಪವರ್ ಸೆಟ್ಟಿಂಗ್, ಸ್ಕ್ರೀನ್ ಸೇವರ್, ಹುಡುಕಾಟದ ಇಂಡೆಕ್ಸಿಂಗ್, ಇವನ್ನೂ ಆಫ್ ಮಾಡಿಬಿಡಿ. ಇಂಟರ್‌ನೆಟ್ ಕೇಬಲ್ ಕಿತ್ತಿಟ್ಟರೆ ಇನ್ನೂ ನೆಮ್ಮದಿ.

ಫೈಲು ಪ್ರತಿ ಸಲವೂ ಸುಮಾರು 19 ನಿಮಿಷಕ್ಕೇ ನಿಂತುಹೋಗುತ್ತಿದೆಯಾ? ಅದು ಡ್ರಾಪ್ ಅಲ್ಲ. ಆ ಡಿಸ್ಕ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟಿನಲ್ಲಿದೆ, ಒಂದು ಫೈಲಿಗೆ 4 ಜಿಬಿ ಮಿತಿ. ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ, ಮುಗಿಯಿತು.

ಈಗಲೂ ವಿಂಡೋಸ್ ಎಕ್ಸ್‌ಪಿ ಮಶೀನನ್ನು ಇದಕ್ಕೆಂದೇ ಇಟ್ಟುಕೊಂಡವರಿಗೆ ಒಂದು ಮಾತು. ಹಳೇ ಐಡಿಇ ಡಿಸ್ಕ್ ಓದು ಬರಹದಲ್ಲಿ ಆರು ಸಲ ಎಡವಿದರೆ ಸಾಕು, ಎಕ್ಸ್‌ಪಿ ಅದನ್ನು ಡಿಎಂಎಯಿಂದ (ಪ್ರೊಸೆಸರಿಗೆ ಹೊರೆಯಾಗದೆ ಡೇಟಾ ಸಾಗುವ ಮೋಡ್) ನಿಧಾನದ ಪಿಐಒ ಮೋಡಿಗೆ ಇಳಿಸಿಬಿಡುತ್ತದೆ, ಅದೂ ಬಾಯಿ ಬಿಡದೆ. ಆಮೇಲೆ ಪ್ರತಿ ಬೈಟನ್ನೂ ಪ್ರೊಸೆಸರೇ ಹೊರಬೇಕು. ನೆನ್ನೆವರೆಗೆ ಸರಿಯಿದ್ದ ಮಶೀನಿನಲ್ಲಿ ಇದ್ದಕ್ಕಿದ್ದಂತೆ ರಾಶಿ ರಾಶಿ ಫ್ರೇಮ್ ಬೀಳತೊಡಗಿದರೆ ಮೊದಲು ಇದನ್ನೇ ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಮತ್ತೆ ಡಿಎಂಎಗೆ ಬರುತ್ತದೆ.

ಕೇಬಲ್ ಬಗ್ಗೆ ಹೇಳುವುದು ಕಡಿಮೆ. ಕ್ಯಾಮೆರಾ ಕಡೆಯ 4 ಪಿನ್ನಿನ ತುದಿ ಬಹಳ ನಾಜೂಕು, ಸ್ವಲ್ಪ ಸಡಿಲವಾದರೂ ಪ್ಯಾಕೆಟ್ ಹೋಗುತ್ತದೆ. ಕಾರ್ಡ್ ಕಡೆಯ 6 ಪಿನ್ನಿನ ತುದಿಯಲ್ಲಿ ಕರೆಂಟೂ ಹರಿಯುತ್ತದೆ, ತಿರುಗಾಮುರುಗಾ ಒತ್ತಿ ತುರುಕಿದರೆ ಪೋರ್ಟ್ ಸುಟ್ಟುಹೋಗಬಹುದು. ಕಂಪ್ಯೂಟರ್ ಆಫ್ ಇದ್ದಾಗಲೇ ಜೋಡಿಸುವ ಅಭ್ಯಾಸ ಇಟ್ಟುಕೊಳ್ಳಿ. ಕ್ಯಾಮೆರಾಗೆ ಬ್ಯಾಟರಿ ಬೇಡ, ಅಡಾಪ್ಟರ್ ಹಾಕಿ.

ವಿನ್‌ಡಿವಿ ನೋಡಲು ಏನೂ ಚೆನ್ನಾಗಿಲ್ಲ. ಚಿಕ್ಕದೊಂದು ಕಿಟಕಿ, ನಾಲ್ಕು ಬಟನ್, ಅಷ್ಟೇ. ಅದೇ ಅದರ ಗುಣ. ಎಫೆಕ್ಟ್ ಇಲ್ಲ, ಟೈಮ್‌ಲೈನ್ ಇಲ್ಲ, ಬಂದ ಫ್ರೇಮನ್ನು ಡಿಸ್ಕಿಗೆ ಹಾಕುವುದೊಂದೇ ಕೆಲಸ. ಫ್ರೇಮುಗಳನ್ನು ಮೆಮೊರಿಯಲ್ಲಿ ಸಾಲಾಗಿ ಹಿಡಿದಿಟ್ಟು ಆಮೇಲೆ ಬರೆಯುತ್ತದೆ. ನೂರು ಫ್ರೇಮಿನ ಸಾಲು ಅಂದರೆ ಬರೀ 14.4 ಎಂಬಿ. ಆದರೆ ಡಿಸ್ಕ್ ನಾಲ್ಕು ಸೆಕೆಂಡ್ ಮಂಕು ಹಿಡಿದು ಕೂತರೂ ಏನೂ ಬೀಳುವುದಿಲ್ಲ. ಎಷ್ಟು ಫ್ರೇಮ್ ಬಿತ್ತು ಅಂತ ಅಲ್ಲೇ ಎಣಿಕೆ ತೋರಿಸುತ್ತದೆ. ದೊಡ್ಡ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಕ್ಯಾಪ್ಚರ್ ಇರುತ್ತದೆ, ಆದರೆ ಅವು ಪ್ರಿವ್ಯೂ ತೋರಿಸುತ್ತಾ, ಧ್ವನಿಯ ತರಂಗ ಬಿಡಿಸುತ್ತಾ ನೂರು ಕೆಲಸ ಮೈಮೇಲೆ ಹಾಕಿಕೊಂಡಿರುತ್ತವೆ. ಇಳಿಸುವುದು ಇಲ್ಲಿ, ಎಡಿಟ್ ಅಲ್ಲಿ ಅಂತ ಬೇರೆ ಮಾಡಿಕೊಂಡರೆ ತಲೆನೋವು ಕಡಿಮೆ.

ಆ ಎಣಿಕೆಯನ್ನು ಕಣ್ಣು ಮುಚ್ಚಿ ನಂಬಬೇಡಿ, ಅಷ್ಟೇ. ಶೂಟಿಂಗ್ ಮಧ್ಯೆ ಟೇಪ್ ಮುಂದಕ್ಕೆ ಓಡಿಸಿ ಖಾಲಿ ಜಾಗ ಬಿಟ್ಟಿದ್ದರೆ, ಅಲ್ಲಿ ಟೈಮ್‌ಕೋಡ್ ಕಡಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಎಷ್ಟೋ ಸಾಫ್ಟ್‌ವೇರುಗಳು ಇದನ್ನೂ ಡ್ರಾಪ್ ಅಂತಲೇ ಎಣಿಸುತ್ತವೆ, ಕೆಲವು ಕೆಲಸವನ್ನೇ ನಿಲ್ಲಿಸಿಬಿಡುತ್ತವೆ. ನಿಜವಾಗಿ ಅಲ್ಲಿ ಕಳೆದದ್ದು ಏನೂ ಇಲ್ಲ.

ಧ್ವನಿಯೂ ಚಿತ್ರವೂ ಹೊಂದದಿದ್ದರೆ ಎಲ್ಲರೂ ಡ್ರಾಪನ್ನೇ ಬೈಯುತ್ತಾರೆ. ಡಿವಿಯಲ್ಲಿ ಧ್ವನಿ ಇರುವುದು ಫ್ರೇಮಿನ ಒಳಗೇ. ಫ್ರೇಮ್ ಹೋದರೆ ಅದರ ಪಾಲಿನ ಧ್ವನಿಯೂ ಜೊತೆಗೇ ಹೋಗುತ್ತದೆ, ಹಾಗಾಗಿ ಒಂದೆರಡು ಡ್ರಾಪಿಗೆ ತುಟಿ ಮತ್ತು ಮಾತು ಬೇರೆ ಆಗಬೇಕಾಗಿಲ್ಲ. ಧ್ವನಿ ಅರ್ಧ ಟೇಪಿನಲ್ಲಿ 12 ಬಿಟ್, 32 ಕಿಲೋಹರ್ಟ್ಸ್‌ನಲ್ಲಿ, ಉಳಿದದ್ದು 16 ಬಿಟ್, 48ರಲ್ಲಿ ಇದೆಯಾ ಅಂತ ನೋಡಿ. ಎರಡೂ ಒಂದೇ ಫೈಲಿಗೆ ಸೇರಿದರೆ ಎಡವಟ್ಟು. ಶಾಟ್ ಬದಲಾದಾಗ ಹೊಸ ಫೈಲ್ ಶುರುವಾಗುವಂತೆ ವಿನ್‌ಡಿವಿಯಲ್ಲಿ ಸೆಟ್ ಮಾಡಿಕೊಳ್ಳಬಹುದು. ಫೈಲಿನ ಹೆಸರಿಗೆ ಟೇಪಿನಲ್ಲಿರುವ ಶೂಟಿಂಗ್ ದಿನಾಂಕವೇ ಬರುತ್ತದೆ. ಇದು ನನಗೆ ಬಹಳ ಇಷ್ಟ.

ಲಿನಕ್ಸ್ ಬಳಸುವವರಿಗೆ ಇದೇ ಕೆಲಸ ಮಾಡುವ ಡಿವಿಗ್ರ್ಯಾಬ್ ಅನ್ನುವ ಸಾಫ್ಟ್‌ವೇರ್ ಇದೆ. ಡ್ರೈವರ್ ಗೋಳು ಇಲ್ಲ. ಪ್ಯಾಕೆಟ್ ತಪ್ಪಿದರೆ ಯಾವ ಟೈಮ್‌ಕೋಡಿನ ಹತ್ತಿರ ಅಂತ ಬರೆದು ತೋರಿಸುತ್ತದೆ, ಆ ಜಾಗ ಮಾತ್ರ ಮತ್ತೆ ಇಳಿಸಿದರೆ ಸಾಕು. ಮ್ಯಾಕ್‌ನವರ ದಾರಿ ಸಣ್ಣದಾಗುತ್ತಾ ಬಂದಿದೆ. ಥಂಡರ್‌ಬೋಲ್ಟ್ ಅಡಾಪ್ಟರುಗಳನ್ನು ಒಂದಕ್ಕೊಂದು ಪೋಣಿಸಿ ಇಷ್ಟು ದಿನ ನಡೆಯುತ್ತಿತ್ತು, 2025ರ ಮ್ಯಾಕ್‌ಒಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಅದಕ್ಕಿಂತ ಹಿಂದಿನ ಆವೃತ್ತಿ ಇರುವ ಮಶೀನ್ ಇದ್ದರೆ ಅಪ್‌ಡೇಟ್ ಮಾಡಬೇಡಿ.

ಒಂದು ತುದಿಗೆ ಯುಎಸ್‌ಬಿ, ಇನ್ನೊಂದಕ್ಕೆ ಫೈರ್‌ವೈರ್ ಇರುವ ಬರೀ ಕೇಬಲ್ ಮಾರಾಟಕ್ಕೆ ಕಂಡರೆ ತಿರುಗಿಯೂ ನೋಡಬೇಡಿ. ಎರಡರ ಭಾಷೆಯೇ ಬೇರೆ, ತಂತಿ ಜೋಡಿಸಿದ ಮಾತ್ರಕ್ಕೆ ಮಾತಾಡುವುದಿಲ್ಲ. ಹಳದಿ, ಕೆಂಪು, ಬಿಳಿ ತಂತಿಯ ಯುಎಸ್‌ಬಿ ಡಾಂಗಲ್ ಕೆಲಸ ಮಾಡುತ್ತದೆ ನಿಜ. ಆದರೆ ಡಿಜಿಟಲ್ ಚಿತ್ರವನ್ನು ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡುತ್ತದೆ, ಟೈಮ್‌ಕೋಡೂ ದಿನಾಂಕವೂ ದಾರಿಯಲ್ಲೇ ಹೋಗುತ್ತವೆ. ಇರುವುದೇ ಒಂದೆರಡು ಟೇಪ್ ಆದರೆ ಕಾರ್ಡ್ ಕೊಳ್ಳುವ ಗೋಜಿಗೆ ಹೋಗಬೇಡಿ, ಇಳಿಸಿಕೊಡುವವರ ಹತ್ತಿರ ಕೊಟ್ಟು, ಡಿವಿ ಫೈಲೇ ಬೇಕು, ಡಿವಿಡಿ ಬೇಡ ಅಂತ ಕೇಳಿ ಪಡೆಯಿರಿ. ಎಚ್‌ಡಿವಿ (ಅದೇ ಬಗೆಯ ಟೇಪಿನಲ್ಲಿ ಎಚ್‌ಡಿ ಚಿತ್ರ) ಟೇಪ್ ಇರುವವರು ಮಾತ್ರ ಇನ್ನಷ್ಟು ಹುಷಾರಾಗಿರಬೇಕು. ಅಲ್ಲಿ ಫ್ರೇಮುಗಳು ಒಂದನ್ನೊಂದು ಆಧರಿಸಿರುತ್ತವೆ, ಒಂದು ಪ್ಯಾಕೆಟ್ ತಪ್ಪಿದರೆ ಅರ್ಧ ಸೆಕೆಂಡ್ ಚಿತ್ರವೇ ಕದಡಬಹುದು. ಅಂಥ ಟೇಪ್ ಹಾಕುವ ಮುಂಚೆ ಸಾಮಾನ್ಯ ಡಿವಿ ಟೇಪೊಂದನ್ನು ಪೂರ್ತಿ ಇಳಿಸಿ, ಎಣಿಕೆ ಸೊನ್ನೆಯಲ್ಲೇ ಇದೆಯಾ ಅಂತ ನೋಡಿಕೊಂಡು ಮುಂದುವರಿಯಿರಿ.