ಬೂದಿ, ಡಿಇ ಪುಡಿ, ಗಂಧಕ, ಪರ್ಮೆಥ್ರಿನ್: ನನ್ನ ಕೋಳಿಗಳ ಹೇನು, ನುಸಿಗೆ ಯಾವುದು ಆಗಿಬಂತು

ಕೋಳಿ ಮಂಕಾಗಿ ಕೂತರೆ, ಮೊಟ್ಟೆ ಕಡಿಮೆಯಾದರೆ, ಈಗ ನಾನು ಮೊದಲು ಅದನ್ನು ಎತ್ತಿಕೊಂಡು ಬಾಲದ ಕೆಳಗೆ ಪುಕ್ಕ ಬಿಡಿಸಿ ನೋಡುತ್ತೇನೆ. ಮೂರು ವರ್ಷದ ಹಿಂದೆ ಇದು ಗೊತ್ತಿರಲಿಲ್ಲ. ಮೇವು ಬದಲಿಸಿದೆ, ಜಂತುಹುಳದ ಔಷಧಿ ಕೊಟ್ಟೆ. ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಕಂದು ಹೇಂಟೆಯನ್ನು ಕಂಕುಳಲ್ಲಿ ಅವಚಿಕೊಂಡು ಟಾರ್ಚ್ ಹಿಡಿದೆ. ಒಣಹುಲ್ಲಿನ ಬಣ್ಣದ ಹೇನುಗಳು ಬೆಳಕು ಬಿದ್ದ ಕೂಡಲೇ ಸರಸರ ಓಡಿದವು. ಗುದದ ಸುತ್ತ ಪುಕ್ಕದ ಬುಡದಲ್ಲಿ ಸೀರು ಗಂಟುಗಟ್ಟಿತ್ತು, ಒದ್ದೆ ಸಕ್ಕರೆ ಅಂಟಿಕೊಂಡ ಹಾಗೆ.

ಆಗ ನನ್ನ ಹತ್ತಿರ ಏಳು ಕೋಳಿ ಇದ್ದವು. ಎಲ್ಲಕ್ಕೂ ಹೇನು ಹತ್ತಿತ್ತು. ಒಬ್ಬರು ಬೂದಿ ಸಾಕು ಅಂದರು, ಇನ್ನೊಬ್ಬರು ಬೇವಿನೆಣ್ಣೆ ಅಂದರು, ಮತ್ತೊಬ್ಬರು ರಾಸಾಯನಿಕ ಇಲ್ಲದೆ ಹೋಗುವುದೇ ಇಲ್ಲ ಅಂದರು. ಗೂಡಿನ ನಡುವೆ ಜಾಲರಿ ಕಟ್ಟಿ, ಮೂರು ಕೋಳಿಗೆ ಬೂದಿ ಮತ್ತು ಬೇವು, ನಾಲ್ಕಕ್ಕೆ ಪರ್ಮೆಥ್ರಿನ್ ಅನ್ನುವ ಕೀಟನಾಶಕದ ಪುಡಿ ಅಂತ ಹಂಚಿ ನೋಡಿದೆ.

ಬೂದಿ ಕೋಳಿಗಳಿಗೆ ತುಂಬಾ ಇಷ್ಟವಾಯಿತು. ಸೋಸಿದ ಒಣ ಕಟ್ಟಿಗೆ ಬೂದಿಯನ್ನು ಮಣ್ಣಿಗೆ ಬೆರೆಸಿ ಇಟ್ಟರೆ ಗಂಟೆಗಟ್ಟಲೆ ಹೊರಳಾಡುತ್ತಿದ್ದವು. ಹತ್ತು ದಿನಕ್ಕೆ ಓಡಾಡುವ ಹೇನು ಕಡಿಮೆಯಾದವು, ಆದರೆ ಸೀರು ಹಾಗೇ ಇತ್ತು. ಬೂದಿ ನೆನೆದರೆ ಕ್ಷಾರವಾಗಿ ಚರ್ಮ ಸುಡುತ್ತದೆ, ಹಾಗಾಗಿ ಮಳೆ ಬೀಳುವ ಜಾಗದಲ್ಲಿ ಇಡಲೇಬಾರದು. ಬೇವಿನೆಣ್ಣೆಯನ್ನು ಸೋಪಿನ ನೀರಿಗೆ ಕಲಸಿ ಮೈಗೆ ಸಿಂಪಡಿಸಿದ್ದು ನನ್ನ ತಪ್ಪು. ಪುಕ್ಕವೆಲ್ಲ ಅಂಟಂಟಾಗಿ ಒಂದು ಕೋಳಿ ರಾತ್ರಿಯಿಡೀ ನಡುಗಿತು. ಪಾಪ, ಅದನ್ನು ಒಳಗೆ ತಂದು ಟವೆಲ್‌ನಲ್ಲಿ ಒರೆಸಿ ಬೆಚ್ಚಗೆ ಇಡಬೇಕಾಯಿತು. ಕೋಳಿ ಮೈಗೆ ಎಣ್ಣೆ ಬೇಡ ಅಂತ ಅವತ್ತೇ ತೀರ್ಮಾನಿಸಿದೆ.

ಪರ್ಮೆಥ್ರಿನ್ ಪುಡಿಯಲ್ಲಿ ವ್ಯತ್ಯಾಸ ಮರುದಿನವೇ ಕಂಡಿತು. ಆದರೆ ಹಾಕುವ ರೀತಿ ಮುಖ್ಯ. ಮೇಲಿನಿಂದ ಉದುರಿಸಿದರೆ ಪುಡಿ ಪುಕ್ಕದ ಮೇಲೇ ಉಳಿಯುತ್ತದೆ, ಚರ್ಮ ಮುಟ್ಟುವುದಿಲ್ಲ. ಕತ್ತಲಾದ ಮೇಲೆ, ಕೋಳಿ ತೂಕಡಿಸುವಾಗ, ಒಬ್ಬರು ಹಿಡಿದುಕೊಳ್ಳಬೇಕು. ಇನ್ನೊಬ್ಬರು ಗುದದ ಸುತ್ತ, ರೆಕ್ಕೆಯ ಅಡಿ, ಎದೆಯ ಪುಕ್ಕ ಬಿಡಿಸಿ ಬುಡಕ್ಕೇ ತಾಗಿಸಬೇಕು. ತಲೆ ಮತ್ತು ಮೂಗಿನ ಹತ್ತಿರ ಬೇಡ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಮೊದಲೇ ಮೊಟ್ಟೆ, ಮೇವು, ನೀರು ಆಚೆ ತೆಗೆದಿಡಿ.

ಎಂಟನೇ ದಿನ ಮತ್ತೆ ಸಣ್ಣ ಹೇನು ಕಂಡವು. ಔಷಧಿ ಕೆಲಸ ಮಾಡಿಲ್ಲ ಅಂತ ಬೇಜಾರಾಯಿತು. ಕಾರಣ ಬೇರೆ: ಆ ಪುಡಿ ಸೀರನ್ನು ಕೊಲ್ಲುವುದಿಲ್ಲ. ಸೀರು ಒಂದು ವಾರದೊಳಗೆ ಒಡೆಯುತ್ತದೆ, ಆ ಮರಿಗಳು ದೊಡ್ಡವಾಗಿ ಮತ್ತೆ ಸೀರಿಡುವುದಕ್ಕೆ ಮುಂಚೆ ಎರಡನೇ ಸಲ ಹಾಕಬೇಕು. ಹತ್ತನೇ ದಿನ ಹಾಕಿದೆ. ಮೂರನೇ ವಾರಕ್ಕೆ ನಾಲ್ಕೂ ಕೋಳಿ ಶುದ್ಧ. ಆ ಮೂರಕ್ಕೂ ಆಮೇಲೆ ಅದನ್ನೇ ಹಾಕಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೋಳಿಗೆ ಅಂತ ಲೇಬಲ್‌ನಲ್ಲಿ ಬರೆದಿರುವ ಪುಡಿಯನ್ನೇ ತನ್ನಿ. ಗಿಡಕ್ಕೆ ಹೊಡೆಯುವುದು, ನಾಯಿಗೆ ಹಾಕುವುದು ಬೇಡ. ಅಳತೆ, ಮೊಟ್ಟೆ ತಿನ್ನದೆ ಎಷ್ಟು ದಿನ ಬಿಡಬೇಕು ಅನ್ನುವುದೂ ಲೇಬಲ್‌ನಲ್ಲೇ ಇರುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ದೂರ ಇಡಿ, ಪರ್ಮೆಥ್ರಿನ್ ಬೆಕ್ಕಿನ ಪ್ರಾಣಕ್ಕೇ ಕುತ್ತು. ಮೀನಿರುವ ನೀರಿಗೂ ಸೇರಬಾರದು.

ಮರುವರ್ಷ ಬಂದದ್ದು ಕೆಂಪು ನುಸಿ. ಹಗಲು ಕೋಳಿ ಮೈಮೇಲೆ ಏನೂ ಇಲ್ಲ, ಆದರೂ ಜುಟ್ಟು ಬಿಳಿಚಿಕೊಂಡಿತ್ತು, ಸಂಜೆ ಗೂಡಿಗೆ ಹೋಗಲು ಹಿಂದೇಟು ಹಾಕುತ್ತಿದ್ದವು. ರಾತ್ರಿ ಹೋಗಿ ಅವು ಕೂರುವ ಕೋಲಿನ ಕೆಳಭಾಗವನ್ನು ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಯ ಮೇಲೆ ಉದ್ದಕ್ಕೂ ರಕ್ತದ ಗೆರೆ ಮೂಡಿತು. ಈ ನುಸಿ ಹಗಲೆಲ್ಲ ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕೋಳಿಗೆ ಪುಡಿ ಹಾಕಿ ಏನು ಪ್ರಯೋಜನ, ಅಲ್ವಾ? ಗೂಡಿಗೇ ಮದ್ದು ಮಾಡಬೇಕು.

ಮೊದಲು ಗೂಡನ್ನು ಒಂದು ತಿಂಗಳು ಖಾಲಿ ಬಿಟ್ಟೆ. ವ್ಯರ್ಥ. ಇವು ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಆಮೇಲೆ ಡಯಾಟಮೇಶಿಯಸ್ ಅರ್ಥ್, ಅಂದರೆ ಡಿಇ ಪುಡಿ, ಎಲ್ಲಾ ಸಂದಿಗೂ ತುಂಬಿದೆ. ಇದು ಹುಳದ ಮೈಯ ಮೇಣ ಕೆರೆದು ಒಣಗಿಸುತ್ತದೆ. ಒಣಗಿದ್ದಾಗ ಸ್ವಲ್ಪ ಕೆಲಸ ಮಾಡಿತು, ತೇವ ಹಿಡಿದ ಮೇಲೆ ಏನೂ ಇಲ್ಲ. ಅದರ ಧೂಳು ನನ್ನ ಎದೆಗೂ ಕೋಳಿಗಳ ಎದೆಗೂ ಒಳ್ಳೆಯದಲ್ಲ. ನಾನು ಅದನ್ನು ಬಿಟ್ಟೆ.

ಕೊನೆಗೆ ಗೆದ್ದದ್ದು ಬ್ರಷ್ಷು ಮತ್ತು ಬಿಸಿ ಸೋಪಿನ ನೀರು. ಕೋಲುಗಳನ್ನು ಬಿಚ್ಚಿ, ಹಳೆ ಹಾಸು ಸುಟ್ಟು, ಎಲ್ಲಾ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿದೆ. ಕೋಳಿಗಳನ್ನು ಹೊರಗಿಟ್ಟು ಸಂದಿಗಳಿಗೆ ಕೋಳಿಗೂಡಿಗೆ ಹೊಡೆಯುವ ಪರ್ಮೆಥ್ರಿನ್ ಹೊಡೆದೆ, ಪೂರ್ತಿ ಆರಿದ ಮೇಲೆ ಒಳಗೆ ಬಿಟ್ಟೆ. ಬೇಸಿಗೆಯಲ್ಲಿ ಇವು ಒಂದೇ ವಾರದಲ್ಲಿ ಮೊಟ್ಟೆಯಿಂದ ದೊಡ್ಡವಾಗುತ್ತವೆ, ಅದಕ್ಕೆ ಏಳನೇ ದಿನ ಇನ್ನೊಮ್ಮೆ. ಮೂರನೇ ಸಲವೂ ಬೇಕಾಯಿತು. ಬೇವಿನೆಣ್ಣೆಗೆ ಇಲ್ಲಿ ಜಾಗ ಉಂಟು: ಕೋಲಿನ ತುದಿ, ಮೊಳೆ ಹೊಡೆದ ಜಾಗಕ್ಕೆ ಬಳಿದರೆ ಅಲ್ಲಿ ನುಸಿ ಕಡಿಮೆ ಸೇರುತ್ತವೆ.

ಗಂಧಕದ ಪರಿಚಯವಾದದ್ದು ಮೂರನೇ ಶತ್ರುವಿನಿಂದ. ಅದೂ ನುಸಿಯೇ, ಆದರೆ ಹಗಲೂ ರಾತ್ರಿ ಕೋಳಿ ಮೈಮೇಲೇ ಇರುವಂಥದ್ದು. ಗುದದ ಸುತ್ತ ಪುಕ್ಕ ಮಸಿ ಬಳಿದ ಹಾಗೆ ಕಪ್ಪಾಗುತ್ತದೆ. ಹೊರಳಾಡುವ ಡಬ್ಬಿಯಲ್ಲಿ ಅರ್ಧ ಬುಟ್ಟಿ ಮರಳಿಗೆ ಎರಡು ಹಿಡಿ ಗಂಧಕದ ಪುಡಿ ಬೆರೆಸಿದೆ. ಹಿಡಿದು ಹಾಕುವ ಗಲಾಟೆ ಇಲ್ಲ, ಕೋಳಿಗಳೇ ಮೈಗೆ ಹಚ್ಚಿಕೊಳ್ಳುತ್ತವೆ. ಮೂರು ವಾರದಲ್ಲಿ ಕಪ್ಪು ಪುಕ್ಕ ಮರೆಯಾಯಿತು. ಪರ್ಮೆಥ್ರಿನ್‌ನಷ್ಟು ಬೇಗ ಅಲ್ಲ, ಕಣ್ಣಿಗೆ ಬಿದ್ದರೆ ಉರಿ ಜಾಸ್ತಿ. ಆದರೂ ಮತ್ತೆ ಬರದಂತೆ ತಡೆಯುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಕಾಲಿನ ಹುರುಪೆ ಎದ್ದರೆ ಅದೂ ಒಂದು ನುಸಿಯ ಕೆಲಸ. ಅದಕ್ಕೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚುತ್ತಾ ಬಂದರೆ ಸಾಕು, ಹುರುಪೆ ಕೀಳಬೇಡಿ.

ಹುಳ, ನುಸಿ ಕೊಲ್ಲುವ ಐವರ್‌ಮೆಕ್ಟಿನ್ ನಾನಾಗಿ ಕೊಟ್ಟಿಲ್ಲ. ಮೊಟ್ಟೆಯಲ್ಲಿ ಉಳಿಯುವ ಔಷಧಿ, ಪಶುವೈದ್ಯರು ಅಳತೆ ಹೇಳದೆ ಕೊಡಬಾರದು. ಕುಡಿಯುವ ನೀರಿನಲ್ಲಿ ಕೊಡುವ ನುಸಿ ಔಷಧಿ ಫ್ಲುರಲ್ಯಾನರ್‌ಗೆ ಯುರೋಪಿನಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದನ್ನೂ ವೈದ್ಯರೇ ಬರೆದುಕೊಡಬೇಕು. ಚಿಗಟಕ್ಕೆ ಅಂತ ನಾಯಿ ಬೆಕ್ಕಿಗೆ ಹಾಕುವ ಫಿಪ್ರೊನಿಲ್ ಹನಿಯನ್ನು ಕೋಳಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಅದೇ 2017ರಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಕಡೆ ಕೆಂಪು ನುಸಿಗೆ ಅಂತ ಫಾರಂಗಳಲ್ಲಿ ಫಿಪ್ರೊನಿಲ್ ಬಳಸಿ, ಅದು ಮೊಟ್ಟೆಗೆ ಸೇರಿ, ಲಕ್ಷಗಟ್ಟಲೆ ಮೊಟ್ಟೆ ಮಾರುಕಟ್ಟೆಯಿಂದ ವಾಪಸ್ ತೆಗೆಯಬೇಕಾಯಿತು.

ಈಗ ಗೂಡಿನ ಬಾಗಿಲ ಹತ್ತಿರ ಒಂದು ಬಿಳಿ ಬಟ್ಟೆ ನೇತುಹಾಕಿದ್ದೇನೆ. ಹದಿನೈದು ದಿನಕ್ಕೊಮ್ಮೆ, ಕತ್ತಲಾದ ಮೇಲೆ, ಕೋಲಿನ ಕೆಳಗೆ ಒರೆಸುತ್ತೇನೆ. ಹೋದ ವಾರವೂ ಬಟ್ಟೆ ಬೆಳ್ಳಗೇ ಬಂತು.