ರೂಮಿಗಿಂತ ಮೊದಲು ಕಾರಿಡಾರ್ ನೋಡಿ: ಒಂದು ಯೂನಿವರ್ಸಿಟಿ ಹಾಸ್ಟೆಲ್ ರಿವ್ಯೂ

ಹಾಸ್ಟೆಲ್ ರಿವ್ಯೂ ಅಂದರೆ ಸಾಮಾನ್ಯವಾಗಿ ರೂಮಿನ ನಾಲ್ಕು ಫೋಟೋ ಇರುತ್ತವೆ. ಮಂಚ, ಮೇಜು, ಬೀರು, ಕಿಟಕಿ. ಅಲ್ಲಿಗೆ ಮುಗೀತು. ನಾನು ಕಾರಿಡಾರಿನಿಂದ ಶುರು ಮಾಡಬೇಕು ಅಂದುಕೊಂಡಿದ್ದೇನೆ, ಯಾಕೆಂದರೆ ನನ್ನ ಮೊದಲ ವರ್ಷ ಚೆನ್ನಾಗಿ ಕಳೆದದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಕಾರಣ ಅದೇ. ಒಟ್ಟಾರೆ ಈ ಹಾಸ್ಟೆಲ್ಲಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೋದ ಒಂದು ಸ್ಟಾರ್ ಹಾಸಿಗೆಗೆ ಮತ್ತು ಬಟ್ಟೆ ಒಗೆಯುವ ಕೋಣೆಗೆ.

ರೂಮಿನ ವಿಷಯ ಬೇಗ ಹೇಳಿಬಿಡುತ್ತೇನೆ. ಇಬ್ಬರಿಗೆ ಒಂದು ರೂಮು. ಚಿಕ್ಕದು. ಎರಡು ಮಂಚ, ಎರಡು ಮೇಜು, ಬಾಗಿಲು ಸರಿಯಾಗಿ ಮುಚ್ಚುವ ಬೀರು. ಇಬ್ಬರೂ ಒಟ್ಟಿಗೆ ಸೂಟ್‌ಕೇಸ್ ಬಿಚ್ಚಿದರೆ ಕಾಲಿಡಲು ಜಾಗ ಇರುವುದಿಲ್ಲ. ಹಾಸಿಗೆ ಮಾತ್ರ ನಿಜವಾಗಿಯೂ ಕೆಟ್ಟದಾಗಿತ್ತು. ನಡುವೆ ತಗ್ಗು ಬಿದ್ದಿತ್ತು, ಮೇಲಿನ ಪ್ಲಾಸ್ಟಿಕ್ ಕವರ್ ಮಗ್ಗುಲು ಬದಲಿಸಿದಾಗಲೆಲ್ಲ ಚರಚರ ಅನ್ನುತ್ತಿತ್ತು. ಅದರ ಮೇಲೆ ದಪ್ಪನೆಯ ಹತ್ತಿಯ ಹೊದಿಕೆ ಹಾಸಿದ ಮೇಲೆ ಸದ್ದು ನಿಂತಿತು, ತಗ್ಗು ಹಾಗೇ ಇದೆ. ಯಾವ ಹಾಸ್ಟೆಲ್ಲಿಗೇ ಹೋಗಿ, ಬೆಡ್‌ಶೀಟ್ ಹಾಸುವ ಮೊದಲು ಹಾಸಿಗೆಯ ಅಂಚಿನ ಹೊಲಿಗೆಯ ಮಡಿಕೆಯನ್ನು ಬೆರಳಿನಿಂದ ಅಗಲಿಸಿ, ಫೋನಿನ ಟಾರ್ಚ್ ಹಾಕಿ ನೋಡಿ. ಸಣ್ಣ ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆ ಅಂತ ಅನುಮಾನ ಪಡಿ. ಆಗ ಸಾಮಾನು ಬಿಚ್ಚಬೇಡಿ, ನೇರವಾಗಿ ಆಫೀಸಿಗೆ ಹೋಗಿ ಹೇಳಿ.

ಈಗ ಕಾರಿಡಾರ್. ನಮ್ಮ ಮಹಡಿಯಲ್ಲಿ ಉದ್ದನೆಯ ಒಂದೇ ಕಾರಿಡಾರ್ ಇರಲಿಲ್ಲ. ನಡುವೆ ಒಂದು ಬಾಗಿಲು, ಅದರ ಪಕ್ಕದಲ್ಲಿ ಎಲ್ಲರಿಗೂ ಸೇರಿದ ಒಂದು ಕೋಣೆ. ಅಲ್ಲಿ ಒಂದು ಉದ್ದ ಮೇಜು, ಕೆಟಲ್, ಕುಡಿಯುವ ನೀರಿನ ನಲ್ಲಿ. ಆ ಬಾಗಿಲಿನಿಂದಾಗಿ ಮಹಡಿ ಎರಡು ಭಾಗವಾಗಿತ್ತು. ನಮ್ಮ ಭಾಗದಲ್ಲಿದ್ದವರ ಮುಖವೆಲ್ಲ ಮೊದಲ ವಾರದಲ್ಲೇ ಪರಿಚಯವಾಯಿತು, ಹೆಸರು ಎರಡನೇ ವಾರದಲ್ಲಿ.

ಇದು ಸುಮ್ನೆ ನನ್ನ ಅನಿಸಿಕೆ ಅಲ್ಲ. 1970ರ ದಶಕದಲ್ಲಿ ಆಂಡ್ರ್ಯೂ ಬಾಮ್ ಮತ್ತು ಸ್ಟುವರ್ಟ್ ವಾಲಿನ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಅಧ್ಯಯನ ಮಾಡಿದ್ದರು. ಉದ್ದ ಕಾರಿಡಾರಿನ ಹಾಸ್ಟೆಲ್ಲಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಒಂದೇ ಬಾತ್‌ರೂಮು, ಒಂದೇ ಹಾಲ್ ಹಂಚಿಕೊಳ್ಳುತ್ತಿದ್ದರು. ಇನ್ನೊಂದು ಕಡೆ ನಾಲ್ಕಾರು ಜನರ ಸಣ್ಣ ಗುಂಪುಗಳು. ಒಬ್ಬೊಬ್ಬರಿಗೆ ಸಿಗುವ ಜಾಗ ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ. ಆದರೂ ಉದ್ದ ಕಾರಿಡಾರಿನವರಿಗೆ ಉಸಿರುಗಟ್ಟುವಷ್ಟು ಜನಸಂದಣಿ ಇದೆ ಅನ್ನಿಸುತ್ತಿತ್ತು, ಜನರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಹಾಸ್ಟೆಲ್ಲಿನ ಹೊರಗೆ ಬೇರೆ ಕೋಣೆಯಲ್ಲಿ ಕಾಯಲು ಕೂರಿಸಿದಾಗ ಕೂಡ ಅವರು ಗುರುತಿಲ್ಲದವರಿಂದ ಜಾಸ್ತಿ ದೂರ ಕೂರುತ್ತಿದ್ದರಂತೆ. ಯಾರು ಯಾವಾಗ ಎದುರಾಗುತ್ತಾರೋ ಗೊತ್ತಿಲ್ಲ, ಬೇಡ ಅಂದಾಗ ತಪ್ಪಿಸಿಕೊಳ್ಳಲೂ ಆಗುವುದಿಲ್ಲ, ಅದೇ ಸುಸ್ತು ಮಾಡುವುದು. ಆಮೇಲೆ ಬಾಮ್ ಮತ್ತು ಇನ್ನೊಬ್ಬರು ಸೇರಿ ಅಂಥ ಒಂದು ಕಾರಿಡಾರಿನ ನಡುವಿನ ಕೆಲವು ರೂಮುಗಳನ್ನು ತೆಗೆದು ಎಲ್ಲರೂ ಕೂರುವ ಜಾಗ ಮಾಡಿ, ಬಾಗಿಲು ಹಾಕಿಸಿ ಎರಡು ಭಾಗ ಮಾಡಿದರು. 1980ರಲ್ಲಿ ಫಲಿತಾಂಶ ಪ್ರಕಟವಾಯಿತು: ಅಲ್ಲಿನ ವಿದ್ಯಾರ್ಥಿಗಳ ಒತ್ತಡ ಕಡಿಮೆಯಾಗಿತ್ತು. ನಮ್ಮ ಹಾಸ್ಟೆಲ್ ಕಟ್ಟಿದವರು ಇದನ್ನೆಲ್ಲ ತಿಳಿದು ಕಟ್ಟಿದರೋ ಇಲ್ಲವೋ, ಆ ಬಾಗಿಲು ಇಟ್ಟಿದ್ದಕ್ಕೆ ಅವರಿಗೆ ದೊಡ್ಡ ಥ್ಯಾಂಕ್ಸ್.

ಹಾಗಾದರೆ ಕಾರಿಡಾರಿನಲ್ಲಿ ಯಾವ ರೂಮು ಕೇಳಬೇಕು? ಇದಕ್ಕೂ ಹಳೆಯ ಉತ್ತರ ಒಂದಿದೆ. 1950ರಲ್ಲಿ ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಷಾಕ್ಟರ್ ಮತ್ತು ಕರ್ಟ್ ಬ್ಯಾಕ್ ಅಮೆರಿಕದ ಎಂಐಟಿಯಲ್ಲಿ ಮದುವೆಯಾದ ವಿದ್ಯಾರ್ಥಿಗಳ ವಸತಿಯ ಬಗ್ಗೆ ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ಮಹಡಿಗೆ ಐದೇ ಮನೆ. ಆದರೂ ಪಕ್ಕದ ಮನೆಯವರನ್ನು ಗೆಳೆಯರು ಅಂದವರು 41%, ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹಾಗೆ ಅಂದವರು ಬರೀ 10%. ಮೆಟ್ಟಿಲಿನ ಹತ್ತಿರ ಇದ್ದವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು. ಸ್ವಭಾವ, ಊರು, ಆಸಕ್ತಿ ಎಲ್ಲ ಆಮೇಲೆ, ಬಾಗಿಲು ಎಲ್ಲಿದೆ ಅನ್ನುವುದು ಮೊದಲು. ಆದರೆ ಮೆಟ್ಟಿಲಿಗೆ ಅಂಟಿಕೊಂಡ ರೂಮಿನಲ್ಲಿ ರಾತ್ರಿಯೆಲ್ಲ ಚಪ್ಪಲಿ ಸದ್ದು ಕೇಳುತ್ತದೆ. ನನ್ನ ಸಲಹೆ ಏನೆಂದರೆ, ಎಲ್ಲರೂ ಸೇರುವ ಕೋಣೆಯಿಂದ ಎರಡನೆಯ ಅಥವಾ ಮೂರನೆಯ ಬಾಗಿಲು ಕೇಳಿ. ಜನ ನಿಮ್ಮ ಬಾಗಿಲ ಮುಂದೆ ಹಾದುಹೋಗುತ್ತಾರೆ, ಗೋಡೆ ಮಾತ್ರ ಆ ಕೋಣೆಗೆ ತಾಗಿರುವುದಿಲ್ಲ.

ಇನ್ನು ಬಾಗಿಲು ಇಂಥ ಕಡೆ ಇದ್ದರೆ ಸಾಲದು, ಅದನ್ನು ತೆರೆದೂ ಇಡಬೇಕು. ನಮ್ಮಲ್ಲಿ ಹಗಲು ಹೊತ್ತು ಬಾಗಿಲಿಗೆ ಒಂದು ಚಪ್ಪಲಿ ಅಡ್ಡ ಇಟ್ಟಿದ್ದರೆ ಒಳಗೆ ಬರಬಹುದು ಅಂತ ಅರ್ಥವಾಗಿಹೋಗಿತ್ತು, ಯಾರೂ ಹೇಳಿಕೊಟ್ಟಿದ್ದಲ್ಲ. ಪಕ್ಕದ ರೂಮಿನವನು ಮೊದಲ ಸಂಜೆ ರಟ್ಟಿನ ಡಬ್ಬ ಕೈಯಲ್ಲಿ ಹಿಡಿದು ಬಂದು ನಿಂತ. "ಕತ್ತರಿ ಇದ್ಯಾ?" ಅಂದ. "ಇದೆ, ಬಾ ಒಳಗೆ" ಅಂದೆ. ಟೇಪ್ ಕತ್ತರಿಸಿ ಆದ ಮೇಲೂ ಅಲ್ಲೇ ಮಂಚದ ತುದಿಯಲ್ಲಿ ಕೂತು ರಾತ್ರಿ ಊಟದ ಹೊತ್ತಿನವರೆಗೂ ಮಾತಾಡಿದ. ಈಗ ಅವನಿಲ್ಲದ ಹಾಸ್ಟೆಲ್ ನನಗೆ ಊಹಿಸಲೂ ಆಗುವುದಿಲ್ಲ.

ಹೊಸಬರಿಗೆ ಒಂದು ಮಾತು ಖಂಡಿತ ಹೇಳಬೇಕು. ಮೊದಲ ತಿಂಗಳಲ್ಲೇ ಜೀವದ ಗೆಳೆಯರು ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಹೊಸದಾಗಿ ಸೇರಿದ ವಿದ್ಯಾರ್ಥಿಗಳನ್ನೂ ಸೇರಿಸಿ ಇದರ ಲೆಕ್ಕ ಹಾಕಿದ್ದಾರೆ. 2018ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ನಿಜವಾದ ಗೆಳೆಯರಾಗಲು 90, ಹತ್ತಿರದ ಗೆಳೆತನಕ್ಕೆ 200ಕ್ಕೂ ಹೆಚ್ಚು. ಅದೂ ಕ್ಲಾಸಿನಲ್ಲಿ ಪಕ್ಕಪಕ್ಕ ಕೂತ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಸುಮ್ನೆ ಹರಟೆ ಹೊಡೆದ ಹೊತ್ತು ಬರುತ್ತದೆ. ಆ ಉದ್ದ ಮೇಜಿನ ಸುತ್ತ ನಾವು ಕಳೆದ ಸಂಜೆಗಳಿಗೆ ಓದು ಹಾಳಾಯಿತು ಅಂತ ಬೈಯುವವರಿಗೆ ಈ ಲೆಕ್ಕ ತೋರಿಸಬೇಕು.

ರೂಮ್‌ಮೇಟ್ ವಿಷಯದಲ್ಲಿ ಹಾಸ್ಟೆಲ್ ಒಂದು ಒಳ್ಳೆಯ ಕೆಲಸ ಮಾಡಿದೆ. ಮೊದಲ ವಾರದಲ್ಲೇ ಇಬ್ಬರಿಗೂ ಒಂದು ಹಾಳೆ ಕೊಡುತ್ತಾರೆ, ಒಟ್ಟಿಗೆ ಕೂತು ತುಂಬಿ ಸಹಿ ಹಾಕಬೇಕು. ಲೈಟ್ ಎಷ್ಟೊತ್ತಿಗೆ ಆರಿಸುವುದು, ಗೆಳೆಯರು ಬಂದರೆ ಎಷ್ಟೊತ್ತಿನವರೆಗೆ ಇರಬಹುದು, ಯಾವ ಸಾಮಾನು ಕೇಳದೆ ಮುಟ್ಟಬಹುದು, ಕಸ ಯಾರು ಹಾಕುವುದು. ಇಬ್ಬರೂ ಇನ್ನೂ ಅಪರಿಚಿತರಾಗಿದ್ದಾಗ ಇದನ್ನು ಮಾತಾಡುವುದು ಸುಲಭ. ಎರಡು ತಿಂಗಳಾದ ಮೇಲೆ ಅದೇ ಮಾತು ದೂರು ಆಗಿಬಿಡುತ್ತದೆ. ನಾವು ಕೆಳಗೆ ಕೈಯಿಂದ ಒಂದು ಸಾಲು ಸೇರಿಸಿದೆವು: ಬೆಳಗಿನ ಅಲಾರಂ ಒಂದೇ ಸಲ, ಮುಂದೂಡುವ ಹಾಗಿಲ್ಲ. ನಮ್ಮ ಸ್ನೇಹ ಉಳಿಸಿದ್ದು ಆ ಸಾಲೇ ಅನ್ನಬೇಕು. ನಿಮ್ಮ ಹಾಸ್ಟೆಲ್ಲಿನಲ್ಲಿ ಇಂಥ ಹಾಳೆ ಕೊಡದಿದ್ದರೆ ನೀವೇ ಒಂದು ಕಾಗದ ತೆಗೆದುಕೊಂಡು ಕೂರಿ.

ಸದ್ದಿನ ಬಗ್ಗೆ ಸತ್ಯ ಹೇಳಬೇಕು, ಇದು ನಿಶ್ಶಬ್ದವಾದ ಜಾಗ ಅಲ್ಲ. ಮಲಗುವ ಕೋಣೆಯಲ್ಲಿ ನಿರಂತರ ಸದ್ದು 30 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಯಾವ ಹಾಸ್ಟೆಲ್ಲಿನಲ್ಲಿ ಅದು ಸಾಧ್ಯ ಹೇಳಿ. 18ರಿಂದ 25 ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕು, ಅದು ಸಿಗಬೇಕಾದರೆ ಫೋಮಿನ ಇಯರ್‌ಪ್ಲಗ್ ತೆಗೆದುಕೊಳ್ಳಿ. ಪ್ಯಾಕೆಟ್ ಮೇಲೆ ಎಷ್ಟು ಡೆಸಿಬೆಲ್ ತಡೆಯುತ್ತದೆ ಅಂತ ಬರೆದಿರುತ್ತದೆ, 30ರ ಆಸುಪಾಸಿನದು ಒಳ್ಳೆಯದು. ಬಹಳ ಜನ ಅದನ್ನು ಹಾಗೇ ಕಿವಿಗೆ ತುರುಕಿ ಪ್ರಯೋಜನವಿಲ್ಲ ಅನ್ನುತ್ತಾರೆ. ಎರಡು ಬೆರಳಲ್ಲಿ ಹೊಸೆದು ಸಣ್ಣ ಬತ್ತಿ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೂ ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಳ್ಳಬೇಕು. ಆಗ ಕಾರಿಡಾರ್ ದೂರ ಹೋದ ಹಾಗೆ ಅನ್ನಿಸುತ್ತದೆ. ಹಾಕಿಕೊಂಡರೂ ಬೆಂಕಿಯ ಅಲಾರಂ ಕೇಳಿಸುತ್ತದಾ ಅಂತ ಒಮ್ಮೆ ಡ್ರಿಲ್ ಇದ್ದಾಗ ಖಚಿತ ಮಾಡಿಕೊಳ್ಳಿ.

ಕಿಟಕಿ ದೊಡ್ಡದಿದೆ, ತೆರೆಯಲೂ ಬರುತ್ತದೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ ಕಿಟಕಿ ಇದ್ದೇ ಇರುತ್ತದೆ ಅನ್ನುವ ಹಾಗಿಲ್ಲ. 2021ರಲ್ಲಿ ಅಮೆರಿಕದ ಸಾಂತಾ ಬಾರ್ಬರಾದ ಯೂನಿವರ್ಸಿಟಿಯೊಂದರಲ್ಲಿ ಸುಮಾರು 4,500 ವಿದ್ಯಾರ್ಥಿಗಳಿಗೆ ಒಂದೇ ಕಟ್ಟಡ, ಅದರ ಬಹುಪಾಲು ಮಲಗುವ ಕೋಣೆಗಳಿಗೆ ಕಿಟಕಿಯೇ ಇಲ್ಲ ಅನ್ನುವ ಯೋಜನೆ ದೊಡ್ಡ ಗಲಾಟೆಯಾಗಿ, 2023ರಲ್ಲಿ ಕೈಬಿಟ್ಟರು. ಬಿಟ್ಟಿದ್ದೇ ಒಳ್ಳೆಯದಾಯಿತು. ಎಂಐಟಿಯಲ್ಲಿ 1949ರಲ್ಲಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಕಟ್ಟಿದ ಬೇಕರ್ ಹೌಸ್ ಅನ್ನುವ ಹಾಸ್ಟೆಲ್ ಇದಕ್ಕೆ ಪೂರ್ತಿ ಉಲ್ಟಾ. ಹೆಚ್ಚು ರೂಮುಗಳಿಗೆ ನದಿ ಕಾಣಲಿ ಅಂತ ಕಟ್ಟಡವನ್ನೇ ಅಲೆಯ ಹಾಗೆ ಬಳುಕಿಸಿದ್ದಾರೆ. ವಿದ್ಯಾರ್ಥಿ ಅಲ್ಲಿ ಬರೀ ಮಲಗುವುದಿಲ್ಲ, ಬದುಕುತ್ತಾನೆ ಅಂತ ಗೊತ್ತಿದ್ದವರು ಮಾಡಿದ ಕೆಲಸ ಅದು.

ಓದಿಗೆ ರೂಮಿನ ಮೇಜು ಸಾಕಾಗುತ್ತದೆ, ಆದರೆ ನಾನು ಕೆಳಗಿನ ರೀಡಿಂಗ್ ರೂಮನ್ನೇ ಶಿಫಾರಸು ಮಾಡುತ್ತೇನೆ. ಯೂನಿವರ್ಸಿಟಿಯಲ್ಲಿ ಕ್ಲಾಸ್ ಕಡಿಮೆ, ಹೊತ್ತು ಜಾಸ್ತಿ ಅಂತ ಮೊದಲು ಕಾಣುತ್ತದೆ. ಆ ಹೊತ್ತು ನಿಮ್ಮದಲ್ಲ. ಯುರೋಪಿನ ಇಸಿಟಿಎಸ್ ಅನ್ನುವ ಕ್ರೆಡಿಟ್ ಪದ್ಧತಿಯ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ ಕ್ಲಾಸೂ ಸೇರಿ 25ರಿಂದ 30 ಗಂಟೆಯ ಕೆಲಸ, ಸೆಮಿಸ್ಟರಿಗೆ 30 ಕ್ರೆಡಿಟ್. ಅಮೆರಿಕದ ರೂಢಿಯಲ್ಲಿ ಒಂದು ಗಂಟೆ ಕ್ಲಾಸಿಗೆ ಹೊರಗೆ ಎರಡು ಗಂಟೆ ಓದು. ಎಲ್ಲಿ ಓದಿದರೂ ಅದು ಪೂರ್ತಿ ದಿನದ ಕೆಲಸವೇ. ಈ ಲೆಕ್ಕವನ್ನು ಯಾರೂ ಬೋರ್ಡ್ ಮೇಲೆ ಬರೆಯುವುದಿಲ್ಲ, ನೀವೇ ಟೈಮ್‌ಟೇಬಲ್‌ನಲ್ಲಿ ಬರೆದುಕೊಳ್ಳಬೇಕು. ಮಂಚದ ಮೇಲೆ ಕೂತು ಓದಿದರೆ ಓದೂ ಆಗುವುದಿಲ್ಲ, ಆಮೇಲೆ ನಿದ್ದೆಯೂ ಬರುವುದಿಲ್ಲ.

ಬಟ್ಟೆ ಒಗೆಯುವ ಕೋಣೆ ದೊಡ್ಡ ತಲೆನೋವು. ಮಷಿನ್ ಕಡಿಮೆ, ಜನ ಜಾಸ್ತಿ, ಭಾನುವಾರ ಹೋದರೆ ಸಾಲು. ಕೆಟ್ಟ ಮಷಿನ್ ಮೇಲೆ ಚೀಟಿ ಅಂಟಿಸಿ ವಾರಗಟ್ಟಲೆ ಹಾಗೇ ಬಿಡುತ್ತಾರೆ, ಎಷ್ಟು ಸಲ ಹೇಳಿದರೂ "ನೋಡ್ತೀವಿ" ಅನ್ನುವುದೇ ಉತ್ತರ. ವಾರದ ನಡುವೆ ಬೆಳಿಗ್ಗೆ ಬೇಗ ಹೋದರೆ ಖಾಲಿ ಇರುತ್ತದೆ. ಟವೆಲ್ ಮತ್ತು ಬೆಡ್‌ಶೀಟನ್ನು 60 ಡಿಗ್ರಿ ನೀರಿನಲ್ಲಿ ಹಾಕಿ, ಉಳಿದದ್ದಕ್ಕೆ ಅಷ್ಟು ಬಿಸಿ ಬೇಡ.

ಆದರೆ ಇಲ್ಲಿನ ಸಿಬ್ಬಂದಿ ಒಂದು ವಿಷಯದಲ್ಲಿ ತುಂಬ ಒಳ್ಳೆಯವರು. ಪ್ರತಿ ಮಹಡಿಗೂ ಒಬ್ಬ ಸೀನಿಯರ್ ಇರುತ್ತಾರೆ, ಮೊದಲ ವಾರಗಳಲ್ಲಿ ಸಂಜೆ ಬಾಗಿಲು ತಟ್ಟಿ ಊಟ ಆಯ್ತಾ ಅಂತ ಕೇಳಿಕೊಂಡು ಹೋಗುತ್ತಾರೆ. ಮನೆ ನೆನಪಾಗಿ ಅಳು ಬರುವುದು ಹೊಸಬರಲ್ಲಿ ಸಾಮಾನ್ಯ, ಹೆಚ್ಚಿನವರಿಗೆ ದಿನ ಕಳೆದಂತೆ ಕಡಿಮೆಯಾಗುತ್ತದೆ. ಊಟ, ನಿದ್ದೆ, ಕ್ಲಾಸ್ ಮೂರೂ ತಪ್ಪಲು ಶುರುವಾಗಿ ಎರಡು ವಾರವಾದರೂ ಹಾಗೇ ಇದ್ದರೆ ಯೂನಿವರ್ಸಿಟಿಯ ಕೌನ್ಸೆಲರ್ ಹತ್ತಿರ ಹೋಗಿ. ನಮ್ಮ ಮಹಡಿಯಲ್ಲಿ ಹೋಗಿ ಬಂದವರಿದ್ದಾರೆ, ಅವರೇ ಬೇರೆಯವರನ್ನು ಕರೆದುಕೊಂಡೂ ಹೋಗಿದ್ದಾರೆ.

ಕೊನೆಯದಾಗಿ ಡೆಪಾಸಿಟ್. ಬಂದ ದಿನವೇ ಗೋಡೆಯ ಕಲೆ, ಬೀರಿನ ಹಿಡಿ, ಮುರಿದ ಕೊಕ್ಕೆ, ಹಾಸಿಗೆಯ ತಗ್ಗು ಎಲ್ಲದರ ಫೋಟೋ ತೆಗೆದು ಆಫೀಸಿಗೆ ಮೇಲ್ ಮಾಡಿ, ಆಮೇಲೆ ಸಾಮಾನಿನ ಪಟ್ಟಿಗೆ ಸಹಿ ಹಾಕಿ. ಮುಂದಿನ ವರ್ಷದ ಅರ್ಜಿಯಲ್ಲಿ ಯಾವ ಮಹಡಿ, ಯಾವ ಕಡೆ ಬೇಕು ಅಂತ ಬರೆಯಲು ಒಂದು ಕಾಲಂ ಇದೆ. ಅದನ್ನು ಖಾಲಿ ಬಿಡುವವರೇ ಜಾಸ್ತಿ. ನಾನು ಅದೇ ಮಹಡಿ, ಬಾಗಿಲಿನ ಈಚೆ, ಮೂರನೆಯ ರೂಮು ಅಂತ ಬರೆದಿದ್ದೇನೆ, ಜೊತೆಗೆ ಹೊಸ ಹಾಸಿಗೆ ಅಂತಲೂ ಸೇರಿಸಿದ್ದೇನೆ.